ಅಪ್‌ಡೇಟ್: ಗಂಡನ ಸಹಿ ಬೇಕಾಗಲಿಲ್ಲ

ಬಯಸದೆ ನಿಂತ ಗರ್ಭವನ್ನು ತೆಗೆಸಲು ಗಂಡನ ಸಹಿ ಕಡ್ಡಾಯವೇ, ಮೆಡಿಕಲ್ ಶಾಪಿನ ಮಾತ್ರೆಯಷ್ಟೇ ಸಾಕೇ ಎಂದು ಕೇಳಿದ್ದೆ; ದಾವಣಗೆರೆಯ ಒಂದು ನರ್ಸಿಂಗ್ ಹೋಮ್‌ನವರು ಸಹಿಯಿಲ್ಲದೆ ಆಗದೆಂದು ವಾಪಸು ಕಳುಹಿಸಿದ್ದರು.

ಬಳಿಕ ಅಕ್ಕನೊಂದಿಗೆ ಜಿಲ್ಲಾಸ್ಪತ್ರೆಗೆ ಹೋದೆ. ಹದಿನೆಂಟು ತುಂಬಿದವಳಿಗೆ ತನ್ನದೊಂದೇ ಲಿಖಿತ ಒಪ್ಪಿಗೆ ಸಾಕೆಂದೂ, 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ನಿಗದಿತ ಸಂದರ್ಭಗಳಲ್ಲಿ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆಯೆಂದೂ ಅಲ್ಲಿನ ವೈದ್ಯೆ ಬಿಡಿಸಿ ಹೇಳಿದರು. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಬಯಲು ಮಾಡುವುದು ಶಿಕ್ಷಾರ್ಹವೆಂಬ ಮಾತೇ ನನಗೆ ಹೆಚ್ಚು ಧೈರ್ಯ ಕೊಟ್ಟಿತು; ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಅಕ್ಕನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಕುರ್ಚಿಯನ್ನು ಹತ್ತಿರಕ್ಕೆಳೆದು, "ಇದು ನಿಮ್ಮದೇ ನಿರ್ಧಾರವೇನಮ್ಮಾ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ?" ಎಂದು ಕೇಳಿದರು.

ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಫಲಿಸದು, ಜೀವಕ್ಕೂ ಅಪಾಯ. ಆದ್ದರಿಂದ ಸ್ಕ್ಯಾನಿಂಗ್ ಮಾಡಿ, 9 ವಾರ ದಾಟಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಗರ್ಭಪಾತದ ಮಾತ್ರೆಗಳಾದ ಮಿಫೆಪ್ರಿಸ್ಟೋನ್, ಅನಂತರ ಮಿಸೊಪ್ರೊಸ್ಟಾಲ್ ಕೊಟ್ಟರು. ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ತೊಯ್ದರೆ ತಡಮಾಡದೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನಗೆ ಹಾಗಾಗಲಿಲ್ಲ. ಮರುತಪಾಸಣೆ ಇನ್ನೂ ಬಾಕಿಯಿದೆ. ಕಾಪರ್-ಟಿ ಬಗ್ಗೆ ಅಂದೇ ವಿಚಾರಿಸುವೆ.