ಕರೆಂಟ್ ಜಾಸ್ತಿ ‘ಬಂದದ್ದೋ’, ಜಾಸ್ತಿ ‘ಎಳೆದದ್ದೋ’?

ಗೆಳೆಯರಿಗೆ ನಮಸ್ಕಾರ.

ನಾನು ತಿಪಟೂರು ಕಡೆಯವನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಹುಡುಗರಿಗೆ ಪಾಠ ಹೇಳುತ್ತೇನೆ. ಮನೆ ವೈರಿಂಗ್ ಬಗ್ಗೆ ಅವರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫ್ಯೂಸ್, ಎಂಸಿಬಿ (ಫ್ಯೂಸ್ ಬದಲು ಬೋರ್ಡ್‌ನಲ್ಲಿ ಕೂರಿಸುವ, ತಾನಾಗಿ ಆಫ್ ಆಗುವ ಸ್ವಿಚ್) ಅಧ್ಯಾಯಕ್ಕೆ ಬಂದು ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡು ಎರಡು ವಾರ ಆಯಿತು. ಪದ ‘ಓವರ್‌ಕರೆಂಟ್’, ಅಂದರೆ ತಂತಿ ತಾಳುವುದಕ್ಕಿಂತ ಹೆಚ್ಚು ಆಂಪಿಯರ್ ಹರಿಯುವುದು. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಮೊದಲು ‘ಅತಿಪ್ರವಾಹ’ ಎಂದು ಬರೆದೆ. ವಿದ್ಯುತ್ ಪ್ರವಾಹ ಎಂಬುದು ಶಾಲೆಯ ಪುಸ್ತಕದಲ್ಲಿ ಇರುವ ಮಾತೇ, ಹಾಗಾಗಿ ಧೈರ್ಯವಿತ್ತು. ಆದರೆ ‘ಅತಿಪ್ರವಾಹ ರಕ್ಷಣೆ’ ಎಂಬ ತಲೆಬರಹ ನೋಡಿದ ಹುಡುಗನೊಬ್ಬ, “ಸಾರ್, ಇದು ಬೋಟ್‌ನಲ್ಲಿ ಹೋಗಿ ಜನರನ್ನ ಎತ್ತೋದಾ?” ಎಂದು ಕೇಳಿದ. ಪತ್ರಿಕೆ ಓದುವವರಿಗೆ ಪ್ರವಾಹ ಅಂದರೆ ನೆರೆ. ಅದನ್ನು ಹೊಡೆದುಹಾಕಿ ಸುಮ್ನೆ ‘ಕರೆಂಟ್ ಜಾಸ್ತಿಯಾದಾಗ’ ಎಂದು ಬರೆದೆ. ಅದು ಇನ್ನೂ ಅಪಾಯದ ಮಾತು ಎಂದು ಗೊತ್ತಾದದ್ದು ನಮ್ಮ ಬೀದಿಯಲ್ಲಿ ನ್ಯೂಟ್ರಲ್ ಕಟ್ ಆದ ದಿನ.

ಆವತ್ತು ಸಂಜೆ ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ತಂತಿ, ಅಂದರೆ ಮೂರು ಫೇಸ್‌ಗಳಿಗೂ ಸೇರಿ ಇರುವ ವಾಪಸಾತಿಯ ತಂತಿ, ಕಿತ್ತುಬಂತು. ಹಾಗಾದಾಗ 230 ವೋಲ್ಟ್ ಇರಬೇಕಾದ ಮನೆಗೆ ಹೆಚ್ಚುಕಡಿಮೆ 400 ವೋಲ್ಟ್‌ವರೆಗೂ ಬಂದುಬಿಡಬಹುದು. ಮೂರು ಫೇಸ್‌ಗಳಲ್ಲಿ ಯಾವುದರ ಮೇಲೆ ಹೊರೆ ಕಡಿಮೆಯೋ ಅದಕ್ಕೆ ಪೆಟ್ಟು ಜಾಸ್ತಿ. ಪಕ್ಕದ ಮನೆಯವರ ಟಿವಿ, ಫ್ರಿಜ್ ಎರಡೂ ಹೋದವು. ಮಾರನೆ ದಿನ ಬೆಳಗ್ಗೆ ಅವರು ಗೇಟಿನ ಹತ್ತಿರವೇ ನಿಲ್ಲಿಸಿ ಕೇಳಿದರು: “ಮೇಷ್ಟ್ರೇ, ಕರೆಂಟ್ ಜಾಸ್ತಿ ಬಂದ್ರೆ ಎಂಸಿಬಿ ಬೀಳುತ್ತೆ ಅಂತ ನೀವೇ ಹೇಳಿದ್ರಿ. ಸಾವಿರಾರು ರೂಪಾಯಿ ಕೊಟ್ಟು ಬೋರ್ಡ್ ಪೂರ್ತಿ ಬದಲಾಯಿಸಿದೆ. ಕರೆಂಟ್ ಜಾಸ್ತಿ ಬಂತು. ಯಾಕೆ ಬೀಳಲಿಲ್ಲ?”

ನಾನು ‘ಬಂದ್ರೆ’ ಎಂದು ಹೇಳಿರಲಿಲ್ಲ. ‘ಜಾಸ್ತಿಯಾದ್ರೆ’ ಎಂದಿದ್ದೆ. ಆದರೆ ಅವರ ಕಿವಿಗೆ ಅದು ‘ಬಂದ್ರೆ’ ಎಂದೇ ಬಿದ್ದಿದೆ. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಕರೆಂಟ್ ಅನ್ನುವುದು ಬರುವಂಥದ್ದು, ಹೋಗುವಂಥದ್ದು.

ಸ್ವಲ್ಪ ಯೋಚಿಸಿ. ‘ಕರೆಂಟ್ ಕಂಬ’ ಅಂದಾಗ ಅದು ವಿದ್ಯುತ್ತು. ‘ಕರೆಂಟ್ ಹೋಯ್ತು’ ಅಂದಾಗ ಪೂರೈಕೆ. ‘ಕರೆಂಟ್ ಹೊಡೀತು’ ಅಂದಾಗ ಶಾಕ್. ‘ಎಸಿ ಹಾಕಿದ್ರೆ ಜಾಸ್ತಿ ಕರೆಂಟ್ ಉರಿಯುತ್ತೆ’ ಅಂದಾಗ ಬಿಲ್ಲಿನಲ್ಲಿ ಏರುವ ಯೂನಿಟ್ಟು. ‘ಕರೆಂಟ್ ಜಾಸ್ತಿ ಬಂದು ಬಲ್ಬ್ ಹೋಯ್ತು’ ಅಂದಾಗ ವೋಲ್ಟೇಜು. ಒಂದು ಪದಕ್ಕೆ ಐದು ಅರ್ಥ. ಇಂಗ್ಲಿಷಿನಿಂದ ತಂದ ಮೂಲ ಅರ್ಥ, ಅಂದರೆ ಆಂಪಿಯರ್‌ನಲ್ಲಿ ಅಳೆಯುವ ಹರಿವು, ಈ ಐದರಲ್ಲಿ ಎಲ್ಲೂ ಇಲ್ಲ! ಪದವನ್ನು ತಂದೆವು, ಅದರ ಅರ್ಥವನ್ನು ಮಾತ್ರ ದಾರಿಯಲ್ಲೇ ಬಿಟ್ಟು ಬಂದೆವು.

ಎಂಸಿಬಿ ನೋಡುವುದು ಆ ಬಿಟ್ಟುಬಂದ ಅರ್ಥವನ್ನೇ. ಪಕ್ಕದವರ ಟಿವಿ ಅರ್ಧ ಆಂಪಿಯರ್ ತೆಗೆದುಕೊಳ್ಳುತ್ತಿತ್ತು ಎಂದಿಟ್ಟುಕೊಳ್ಳಿ. ವೋಲ್ಟೇಜ್ ಏರಿದಾಗ ಅದು ಒಂದು ಆಂಪಿಯರ್ ಆಯಿತೆನ್ನಿ. 16 ಆಂಪಿಯರ್‌ನ ಎಂಸಿಬಿಗೆ ಅದು ಸೊಳ್ಳೆ ಕೂತ ಹಾಗೆ. ಟಿವಿಯೊಳಗೆ ಏನಾದರೂ ಸುಟ್ಟು ಶಾರ್ಟ್ ಆದ ಮೇಲೆ ಬೇಕಾದರೆ ಬಿದ್ದೀತು. ಅಷ್ಟು ಹೊತ್ತಿಗೆ ಉಳಿಸಲು ಟಿವಿಯೇ ಇರುವುದಿಲ್ಲ.

ಹಾಗಾದರೆ ಕನ್ನಡಿಗರಿಗೆ ಆ ಮೂಲ ಅರ್ಥ ಗೊತ್ತೇ ಇಲ್ಲವಾ? ಗೊತ್ತಿದೆ. ಬೋರ್‌ವೆಲ್ ಹತ್ತಿರ ಹೋಗಿ ನೋಡಿ.

ನಮ್ಮ ಕಡೆ ತೆಂಗಿನ ತೋಟ ಜಾಸ್ತಿ, ಹಾಗಾಗಿ ಪಂಪ್‌ಸೆಟ್ಟೂ ಜಾಸ್ತಿ. ಪಂಪ್ ರಿಪೇರಿಯವನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದು ಮೊದಲು ಮಾಡುವ ಕೆಲಸ ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್‌ನ ಬಾಯಿ ಅಗಲಿಸಿ ಒಂದು ತಂತಿಗೆ ತಗುಲಿಸುವುದು. ತಂತಿ ಬಿಚ್ಚಬೇಕಾಗಿಲ್ಲ, ಸುಮ್ನೆ ಇಕ್ಕಳದ ಹಾಗೆ ಕಚ್ಚಿಸಿದರೆ ಆಯಿತು. 5 ಎಚ್‌ಪಿ ಮೋಟಾರಾದರೆ ಅದು ಸುಮಾರು 7.5 ಆಂಪಿಯರ್ ತೋರಿಸಬೇಕು. ಮೊನ್ನೆ ಒಬ್ಬರ ತೋಟದಲ್ಲಿ 11 ತೋರಿಸಿತು. ಅವನು ಮೀಟರ್ ತೆಗೆಯದೆ ಹೇಳಿದ: “ಹನ್ನೊಂದು ಎಳೀತಾ ಐತೆ. ಒಳಗೆ ಏನೋ ಹಿಡ್ಕೊಂಡೈತೆ. ಮೇಲಕ್ಕೆತ್ತಬೇಕು.”

‘ಎಳೀತಾ ಐತೆ.’ ನಾನು ಎರಡು ವಾರದಿಂದ ಹುಡುಕುತ್ತಿದ್ದ ಕ್ರಿಯಾಪದ ಇದೇ ಅನ್ನಿಸಿತು. ವೋಲ್ಟೇಜ್ ಬರುವಂಥದ್ದು, ಆಂಪಿಯರ್ ಎಳೆಯುವಂಥದ್ದು. ಕಂಬದವರು ಕಳಿಸುವುದು ಮೊದಲನೆಯದನ್ನು. ಎರಡನೆಯದನ್ನು ಎಷ್ಟು ಎಂದು ನಿರ್ಧರಿಸುವುದು ನಮ್ಮ ಮನೆಯ, ನಮ್ಮ ತೋಟದ ಯಂತ್ರ. ಇವೆರಡೂ ಎಷ್ಟು ಬೇರೆ ಎನ್ನುವುದಕ್ಕೆ ಅದೇ ಮೋಟಾರ್ ಸಾಕ್ಷಿ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪ್ ಹಾಕಿ ವೋಲ್ಟೇಜ್ ಬಿದ್ದಾಗ, ಮೋಟಾರ್ ಅಷ್ಟೇ ನೀರು ಎತ್ತಬೇಕಾದ್ದರಿಂದ ಆಂಪ್ಸ್ ಜಾಸ್ತಿ ಎಳೆಯುತ್ತದೆ. ಬರುವುದು ಕಡಿಮೆ, ಎಳೆಯುವುದು ಜಾಸ್ತಿ. ವೈಂಡಿಂಗ್ ಸುಡುವುದು ಆಗಲೇ. ಇದನ್ನು ‘ಕರೆಂಟ್ ಜಾಸ್ತಿಯಾಗಿ ಮೋಟಾರ್ ಸುಟ್ಟಿತು’ ಎಂದು ಬರೆದರೆ ರೈತ ನಗುತ್ತಾನೆ. “ಕರೆಂಟೇ ಇರಲಿಲ್ಲ ಸ್ವಾಮಿ, ಲೋ ವೋಲ್ಟೇಜು” ಅನ್ನುತ್ತಾನೆ. ಇಬ್ಬರ ಮಾತೂ ಸರಿ.

ಈಗ ಫ್ಯೂಸ್ ವಿಷಯ. ಅದನ್ನು ಕನ್ನಡ ಮಾಡಬೇಕೆಂದು ಯಾರೂ ಹಟ ಹಿಡಿಯಬೇಡಿ. ನಿಘಂಟು ತೆಗೆದು ಕ್ರಿಯಾಪದವನ್ನು ನೋಡಿ ‘ಬೆಸೆ’ ಎಂದು ಮಾಡಿದರೆ ಅರ್ಥ ತಲೆಕೆಳಗಾಗುತ್ತದೆ. ಲ್ಯಾಟಿನ್‌ನಲ್ಲಿ ಮೂಲ ಅರ್ಥ ಕರಗಿಸು, ಎರಕ ಹೊಯ್ಯಿ ಎಂದು. ಕರಗಿಸಿ ಕೂಡಿಸುವುದು ಬೆಸುಗೆ. ಆದರೆ ನಮ್ಮ ಫ್ಯೂಸ್ ಕರಗಿ ಬಿಡಿಸುವಂಥದ್ದು. ಬೆಸೆ ಎಂದು ಹೆಸರಿಟ್ಟುಕೊಂಡು ಕಡಿಯುವುದೇ ಅದರ ಕೆಲಸ ಅಂದರೆ ಹೇಗೆ? ಇನ್ನೊಂದು ಮಾತು: ಪಟಾಕಿಯ, ಸಿಡಿಮದ್ದಿನ ಬತ್ತಿಗೂ ಇಂಗ್ಲಿಷಿನಲ್ಲಿ ಫ್ಯೂಸ್ ಎನ್ನುತ್ತಾರೆ. ಅದು ಬೇರೆ ಪದ, ಕದಿರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಉಚ್ಚಾರಣೆ ಒಂದೇ, ಮನೆತನ ಬೇರೆ.

ನಮ್ಮಲ್ಲಿ ಫ್ಯೂಸ್ ‘ಹೋಗುತ್ತದೆ’, ‘ಹಾರುತ್ತದೆ’. ಹೋದದ್ದನ್ನು ಮತ್ತೆ ‘ಕಟ್ಟುತ್ತೇವೆ’. ಈ ‘ಕಟ್ಟು’ ನನಗೆ ತುಂಬಾ ಇಷ್ಟ. ಹಳೆಯ ಪಿಂಗಾಣಿ ಕಿಟ್‌ಕ್ಯಾಟ್ (ಫ್ಯೂಸ್ ತಂತಿ ಕೂರಿಸುವ ಹಿಡಿ) ಕಿತ್ತು ಕೈಯಲ್ಲಿ ಹಿಡಿದವರಿಗೆ ಗೊತ್ತು. ಒಳಗೆ ಕಪ್ಪು ಮಸಿ ಮೆತ್ತಿರುತ್ತದೆ, ಸ್ಕ್ರೂ ಪಕ್ಕದಲ್ಲಿ ಕರಗಿದ ತಾಮ್ರದ ಸಣ್ಣ ಗುಂಡು ಅಂಟಿರುತ್ತದೆ. ಹೊಸ ತಂತಿಯನ್ನು ಒಂದು ಸ್ಕ್ರೂಗೆ ಸುತ್ತಿ, ತೂತಿನೊಳಗೆ ನುಸುಳಿಸಿ, ಇನ್ನೊಂದಕ್ಕೆ ಸುತ್ತಬೇಕು. ಅದು ನಿಜವಾಗಿಯೂ ಕಟ್ಟುವ ಕೆಲಸವೇ. ‘ಎರಡು ಎಳೆ ಹಾಕಿ ಕಟ್ಟು, ಮತ್ತೆ ಹೋಗಲ್ಲ’ ಎಂಬ ಬುದ್ಧಿವಾದವೂ ಜೊತೆಗೇ ಬರುತ್ತದೆ. ಹೌದು, ಫ್ಯೂಸ್ ಹೋಗುವುದಿಲ್ಲ. ಗೋಡೆಯೊಳಗಿನ ವೈರ್ ಹೋಗುತ್ತದೆ. ಬಿಲ್ ಕಟ್ಟದವರ ಮನೆಯಿಂದ ಲೈನ್‌ಮನ್ ‘ಫ್ಯೂಸ್ ಕಿತ್ತುಕೊಂಡು ಹೋಗುವುದು’ ಇದೇ ಪಿಂಗಾಣಿಯನ್ನು. ಬಿಲ್ಲೂ ಕಟ್ಟಬೇಕು, ಫ್ಯೂಸೂ ಕಟ್ಟಬೇಕು.

ಬಲ್ಬಿನೊಳಗಿನ ತಂತಿ ತುಂಡಾದರೂ ‘ಬಲ್ಬ್ ಫ್ಯೂಸ್ ಆಗಿದೆ’ ಎನ್ನುತ್ತೇವೆ. ಅಲ್ಲಿ ಫ್ಯೂಸ್ ಎಂಬುದು ಹೆಸರಿನಿಂದ ಸ್ಥಿತಿಯಾಗಿದೆ. ಈಗ ಎಲ್‌ಇಡಿ ಹೋದರೂ ಫ್ಯೂಸೇ. ಫ್ರೆಂಚರೂ ಇಂಥವರೇ. ಹಿಂದೆ ಫ್ಯೂಸ್‌ಗೆ ಸೀಸದ ತಂತಿ ಹಾಕುತ್ತಿದ್ದರು, ಹಾಗಾಗಿ ಇವತ್ತಿಗೂ ಅವರ ಮಾತಿನಲ್ಲಿ ‘ಸೀಸ ಹಾರಿತು’. ಹಾರುವುದು ಅಲ್ಲೂ ಇದೆ, ಇಲ್ಲೂ ಇದೆ. ಜರ್ಮನರು ಮಾತ್ರ ಕೆಲಸದಿಂದ ಹೆಸರಿಟ್ಟರು. ಅವರ ಪದಕ್ಕೆ ‘ಭದ್ರಪಡಿಸುವುದು’ ಎಂಬ ಅರ್ಥ ಬರುತ್ತದೆ. ಇಂದಿನ ಎಂಸಿಬಿಯ ಹಿರಿಯಣ್ಣನಿಗೆ 1924ರಲ್ಲಿ ಪೇಟೆಂಟ್ ಸಿಕ್ಕಿದ್ದು ಜರ್ಮನಿಯಲ್ಲೇ, ಮನ್‌ಹೈಮ್ ಊರಿನ ಹ್ಯೂಗೋ ಸ್ಟಾಟ್ಜ್ ಅವರ ಕಂಪನಿಯ ಕೆಲಸದಿಂದ.

ಎಂಸಿಬಿ ‘ಬೀಳುತ್ತದೆ’. ‘ಟ್ರಿಪ್ ಆಯ್ತು’ ಎಂದರೂ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಬಿತ್ತು ಎನ್ನುವುದೇ ಚೆಂದ. ಅದರ ಸನ್ನೆ (ಲಿವರ್) ಕೆಳಗಿಳಿದಿರುವುದು ಕಣ್ಣಿಗೆ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರದ ಡಿಓ (ಡ್ರಾಪ್ ಔಟ್) ಫ್ಯೂಸ್ ಅಂತೂ ಹೋದಾಗ ಅದರ ಕೊಳವೆ ಕೆಳಕ್ಕೆ ಜೋತುಬೀಳುತ್ತದೆ, ರಸ್ತೆಯಲ್ಲಿ ನಿಂತೇ ನೋಡಬಹುದು. ತಾನಾಗಿ ಆದರೆ ‘ಬಿತ್ತು’, ನಾವು ಮಾಡಿದರೆ ‘ಇಳಿಸಿದೆವು’, ಮತ್ತೆ ಹಾಕಿದರೆ ‘ಎತ್ತಿದೆವು’. ಟ್ರಿಪ್, ಆಫ್, ರೀಸೆಟ್ ಮೂರಕ್ಕೂ ಮೂರು ಅಚ್ಚ ಕನ್ನಡ ಪದ ಮನೆಯಲ್ಲೇ ಇವೆ. ಹುಡುಗರು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: ಸನ್ನೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ? ಹಿಡಿದರೂ ಒಳಗಿನ ಕೊಂಡಿ ಬಿಟ್ಟುಕೊಳ್ಳುತ್ತದೆ. ಹೊರಗೆ ಎತ್ತಿದ ಹಾಗಿರುತ್ತದೆ, ಒಳಗೆ ಬಿದ್ದಿರುತ್ತದೆ.

ಇಲ್ಲಿಗೆ ನನ್ನ ತೊಂದರೆ ಮುಗಿಯಬೇಕಿತ್ತು. ಓವರ್‌ಕರೆಂಟ್ ಅಂದರೆ ‘ಅತಿ ಎಳೆತ’ ಎಂದು ಬರೆದು ಕೈತೊಳೆದುಕೊಳ್ಳೋಣ ಎಂದಿದ್ದೆ. ಆದರೆ ಎಂಸಿಬಿಯ ಒಳಗೆ ಎರಡು ಕಾವಲುಗಾರರಿದ್ದಾರೆ, ಎಡವಟ್ಟು ಅಲ್ಲಿದೆ.

ಒಬ್ಬ ನಿಧಾನಸ್ಥ. ಎರಡು ಲೋಹ ಅಂಟಿಸಿದ ಪಟ್ಟಿ, ಬಿಸಿಯಾದ ಹಾಗೆ ಬಾಗುತ್ತದೆ. ಒಂದೇ 16 ಆಂಪಿಯರ್ ಎಂಸಿಬಿ ಕೆಳಗೆ 2000 ವ್ಯಾಟ್‌ನ ಗೀಸರ್, 2000 ವ್ಯಾಟ್‌ನ ಇಂಡಕ್ಷನ್ ಒಲೆ ಎರಡನ್ನೂ ಹಾಕಿ. ಒಂದೊಂದು 8.7 ಆಂಪಿಯರ್, ಒಟ್ಟು 17.4. ಬೀಳುವುದಿಲ್ಲ! 16ರ ಎಂಸಿಬಿ 18ರವರೆಗೆ ಒಂದು ಗಂಟೆ ಸುಮ್ಮನಿರಬೇಕು ಎಂದೇ ನಿಯಮ. ಜೊತೆಗೆ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿ ಸುಮಾರು 21.7 ಆದರೆ ಬಿದ್ದರೂ ಬೀಳಬಹುದು, ಅದೂ ತಡವಾಗಿ. 23.2ಕ್ಕೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇದು ಓವರ್‌ಲೋಡ್. ಇಲ್ಲಿ ‘ಎಳೆತ’ ಸರಿಯಾಗಿ ಕೂರುತ್ತದೆ. ‘ಹೊರೆ ಜಾಸ್ತಿ’ ಎಂದರೂ ಸರಿ.

ಇನ್ನೊಬ್ಬ ಮುಂಗೋಪಿ. ಅದೊಂದು ತಂತಿಸುರುಳಿ, ಅಂದರೆ ವಿದ್ಯುತ್ಕಾಂತ. ಫೇಸೂ ನ್ಯೂಟ್ರಲ್ಲೂ ನೇರ ತಾಗಿದಾಗ ನೂರಾರು ಆಂಪಿಯರ್ ಹರಿಯುತ್ತದೆ. ಸಿ ಗುರುತಿನ 16ರ ಎಂಸಿಬಿಯಾದರೆ 80ರಿಂದ 160 ಆಂಪಿಯರ್ ನಡುವೆ ಎಲ್ಲೋ ಒಂದು ಕಡೆ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಇದು ಶಾರ್ಟ್. ಪಠ್ಯಪುಸ್ತಕದ ‘ಹ್ರಸ್ವಮಂಡಲ’ ಕೇಳಿದರೆ ನನಗೆ ಅ, ಇ, ಉ ನೆನಪಾಗುತ್ತವೆ, ಹಾಗಾಗಿ ‘ಶಾರ್ಟ್’ ಎಂದೇ ಇಟ್ಟಿದ್ದೇನೆ. ಪ್ರಶ್ನೆ ಅದಲ್ಲ. ಶಾರ್ಟ್ ಆದಾಗ ಎಳೆಯುವವರು ಯಾರು? ಅಲ್ಲಿ ಮೋಟಾರೂ ಇಲ್ಲ, ಗೀಸರೂ ಇಲ್ಲ. ತಡೆಯುವವರಿಲ್ಲದೆ ನುಗ್ಗುವುದು ಅದು. ‘ಎಳೆತ’ ಅನ್ನಲು ಮನಸ್ಸು ಒಪ್ಪುವುದಿಲ್ಲ.

ಓವರ್‌ಕರೆಂಟ್ ಎಂಬ ಛತ್ರಿ ಈ ಎರಡರ ಮೇಲೂ ಹಿಡಿದದ್ದು. ಎರಡಕ್ಕೂ ಒಗ್ಗುವುದು ‘ಮಿತಿಮೀರಿದ ಹರಿವು’ ಅನ್ನಿಸುತ್ತದೆ. ‘ಹರಿವು’ ಅಂದರೆ ನೆರೆ ನೆನಪಾಗುವುದಿಲ್ಲ, ‘ಬರುವುದು’ ಎಂಬ ಭಾವವೂ ಇಲ್ಲ. ಯಾವುದರ ಮಿತಿ ಎಂದು ಕೇಳಿದರೆ ತಂತಿಯ ಮಿತಿ. ಎಂಸಿಬಿ ಕಾಯುವುದು ತಂತಿಯನ್ನು, ಟಿವಿಯನ್ನಲ್ಲ, ಮನುಷ್ಯನನ್ನೂ ಅಲ್ಲ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಬೇರೆ ಇದೆ. ಅಂಗಡಿಯಲ್ಲಿ ಅದನ್ನು ಇವತ್ತಿಗೂ ಹಳೆಯ ಹೆಸರಿನಿಂದ ಇಎಲ್‌ಸಿಬಿ ಎಂದೇ ಕೇಳುತ್ತಾರೆ. ಅದು ನೋಡುವುದು ‘ಸೋರಿಕೆ’ಯನ್ನು. ಅಲ್ಲಿ ಕನ್ನಡ ಪದಕ್ಕೆ ಒಂದು ನಿಮಿಷವೂ ಹುಡುಕಬೇಕಾಗಲಿಲ್ಲ, ನೋಡಿ.

ಸದ್ಯ ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: “ತಂತಿ ತಾಳುವುದಕ್ಕಿಂತ ಹೆಚ್ಚು ಹರಿದರೆ ಎಂಸಿಬಿ ಬೀಳುತ್ತದೆ. ಹೊರೆ ಜಾಸ್ತಿಯಾಗಿ ಎಳೆದರೆ ನಿಧಾನವಾಗಿ, ಶಾರ್ಟ್ ಆಗಿ ನುಗ್ಗಿದರೆ ತಕ್ಷಣ. ವೋಲ್ಟೇಜ್ ಜಾಸ್ತಿ ಬಂದರೆ ಬೀಳುವುದಿಲ್ಲ.” ಕೊನೆಯ ವಾಕ್ಯ ಪಕ್ಕದ ಮನೆಯವರ ಕೃಪೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಧಾರವಾಡ, ಕಲಬುರಗಿ ಕಡೆ ಪಂಪ್‌ಸೆಟ್‌ನವರು ಆಂಪ್ಸ್‌ಗೆ ‘ಎಳೆಯುವುದು’ ಎನ್ನುತ್ತಾರಾ, ‘ಜಗ್ಗುವುದು’ ಎನ್ನುತ್ತಾರಾ? ಕರಾವಳಿಯಲ್ಲಿ ಎಂಸಿಬಿ ಬೀಳುತ್ತದಾ, ಹಾರುತ್ತದಾ, ಅಥವಾ ಟ್ರಿಪ್ ಮಾತ್ರ ಆಗುತ್ತದಾ? ‘ಮಿತಿಮೀರಿದ ಹರಿವು’ ಎರಡು ಪದವಾಯಿತು, ಇಡೀ ಪುಸ್ತಕದಲ್ಲಿ ಅದನ್ನೇ ಬರೆಯುತ್ತಾ ಹೋದರೆ ಉದ್ದವಾಗುತ್ತದೆ. ‘ಮಿಗಿಹರಿವು’ ಎಂದು ಒಂದೇ ಪದ ಮಾಡಿದರೆ ಓದುವಾಗ ನಾಲಿಗೆ ತಡವರಿಸುತ್ತದಾ? ಜೋರಾಗಿ ಒಮ್ಮೆ ಓದಿ ನೋಡಿ ಹೇಳಿ.