ಕ್ಯಾನನ್ 200ಡಿ ಕ್ಯಾಮೆರಾಕ್ಕೆ 24 ಎಂಎಂ ಎಫ್/1.4 ಲೆನ್ಸ್ ಸರಿಯಾ? ಮುಖ ಊದಿದ ಹಾಗೆ ಬರುತ್ತಿದೆ, ಕಣ್ಣು ಶಾರ್ಪ್ ಇಲ್ಲ

ರಥಬೀದಿ_ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ, 18-55 ಕಿಟ್ ಲೆನ್ಸ್, ಮತ್ತೆ 50 ಎಂಎಂ ಎಫ್/1.8 (ಎಂಎಂ ಕಡಿಮೆಯಾದಷ್ಟು ನೋಟ ಅಗಲ, ಎಫ್ ಸಂಖ್ಯೆ ಕಡಿಮೆಯಾದಷ್ಟು ಬೆಳಕು ಜಾಸ್ತಿ). ತೆಗೆಯುವುದು ಜಾಸ್ತಿ ಜನರನ್ನೇ. ಮನೆಯಲ್ಲಿ ಅಕ್ಕನ ಮಗು, ಯಕ್ಷಗಾನದ ಆಟ ಇದ್ದ ದಿನ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ಸಂಜೆ ರಥಬೀದಿ, ಬಿಡುವಿದ್ದರೆ ಮಲ್ಪೆ ಬೀಚ್.

50ರಲ್ಲಿ ಮುಖ ಚಂದ ಬರುತ್ತದೆ, ಹಿಂದಿನ ಬ್ಲರ್ ಕೂಡ ಒಳ್ಳೆಯದು. ಆದರೆ ಒಳಗೆ ಜಾಗ ಸಾಲುವುದಿಲ್ಲ. ಚೌಕಿಯಲ್ಲಿ ಹಿಂದೆ ಹಿಂದೆ ಸರಿದು ಕೊನೆಗೆ ವೇಷದ ಪೆಟ್ಟಿಗೆಗೆ ಬೆನ್ನು ತಾಗುತ್ತದೆ. ಆದರೂ ಫ್ರೇಮಿನಲ್ಲಿ ಅರ್ಧ ಆಳು ಮಾತ್ರ. ಕಿಟ್ ಲೆನ್ಸಿನಲ್ಲಿ ಜಾಗದ ತೊಂದರೆ ಇಲ್ಲ, ಬೆಳಕಿನದ್ದೇ ತೊಂದರೆ. ಐಎಸ್‌ಒ (ಕಡಿಮೆ ಬೆಳಕಿಗೆ ಏರಿಸುವ ಸಂಖ್ಯೆ) 6400ಕ್ಕೆ ಹೋಗಿ ನಿಲ್ಲುತ್ತದೆ.

ಗೆಳೆಯರೊಬ್ಬರ ಹತ್ತಿರ ಫುಲ್ ಫ್ರೇಮಿನ, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ಮಾಡಿದ, 24 ಎಂಎಂ ಎಫ್/1.4 ಉಂಟು. ಅವರು ಮಿರರ್‌ಲೆಸ್‌ಗೆ ಹೋಗಿದ್ದಾರೆ, ಇದನ್ನು ಕೊಟ್ಟುಬಿಡುತ್ತೇನೆ ಅಂದಿದ್ದಾರೆ. ನೋಡಲಿಕ್ಕೆ ಅಂತ ತಂದಿದ್ದೇನೆ. ಆದರೆ ಮುಖ ಊದಿದ ಹಾಗೆ ಬರುತ್ತದೆ. ಮೂಗು ದೊಡ್ಡದು, ಕಿವಿ ಹಿಂದೆ ಅಡಗಿದ ಹಾಗೆ. ಬದಿಯಲ್ಲಿ ನಿಂತವರ ತಲೆಯಂತೂ ಎಳೆದು ಉದ್ದ ಮಾಡಿದ ಹಾಗೆ ಕಾಣುತ್ತದೆ. ಮತ್ತೆ ಎಫ್/1.4ರಲ್ಲಿ ಕಣ್ಣು ಶಾರ್ಪ್ ಇಲ್ಲ. ದೊಡ್ಡದು ಮಾಡಿ ನೋಡಿದರೆ ಕಿವಿಯ ಹತ್ತಿರದ ಕೂದಲು ಶಾರ್ಪ್!

ಲೆನ್ಸ್ ಹಾಳಾಗಿದೆಯಾ? ಅಥವಾ ಪೋರ್ಟ್ರೇಟ್‌ಗೆ 24 ಆಗುವುದೇ ಇಲ್ವಾ? ಸುಮ್ನೆ ಒಂದು 35 ತೆಗೆದುಕೊಳ್ಳಲಾ?

ಕದ್ರಿಗುಡ್ಡೆ

ಲೆನ್ಸಿಗೆ ಬೈಯುವ ಮೊದಲು ಎರಡು ವಿಷಯ ಹೇಳಿ. ಎಷ್ಟು ದೂರದಿಂದ ತೆಗೆದದ್ದು? ಫೋಕಸ್ ಹೇಗೆ ಮಾಡಿದ್ದು, ವ್ಯೂಫೈಂಡರಿನಲ್ಲಾ, ಲೈವ್ ವ್ಯೂನಲ್ಲಾ (ಹಿಂದಿನ ಸ್ಕ್ರೀನ್ ನೋಡಿ)?

ರಥಬೀದಿ_ಉಡುಪಿ

ಅರ್ಧ ಮೀಟರ್ ಇರಬಹುದು, ಮುಖ ಫ್ರೇಮ್ ತುಂಬಬೇಕಲ್ವಾ. ಫೋಕಸ್ ವ್ಯೂಫೈಂಡರಿನಲ್ಲೇ. ಮಧ್ಯದ ಪಾಯಿಂಟ್ ಕಣ್ಣಿನ ಮೇಲಿಟ್ಟು ಬಟನ್ ಅರ್ಧ ಒತ್ತಿ, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡುತ್ತೇನೆ. 50ರಲ್ಲಿ ಯಾವಾಗಲೂ ಹಾಗೇ ಮಾಡುವುದು.

ಕದ್ರಿಗುಡ್ಡೆ

ಹಾಗಾದರೆ ಲೆನ್ಸ್ ಮೇಲೆ ಸಂಶಯ ಪಡಲು ಇನ್ನೂ ಸಮಯ ಉಂಟು.

ಮುಖದ ವಿಷಯ. ಮುಖ ಊದಿಸುವುದು 24 ಎಂಎಂ ಅಲ್ಲ, ಆ ಅರ್ಧ ಮೀಟರ್. ಮೂಗಿನ ತುದಿಯಿಂದ ಕಿವಿಗೆ 12 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕ್ಯಾಮೆರಾದಿಂದ ಮೂಗು 50 ಸೆಂಟಿಮೀಟರ್ ದೂರ ಇದ್ದರೆ ಕಿವಿ 62ರಲ್ಲಿ ಇರುತ್ತದೆ. ಕಿವಿಗೆ ಹೋಲಿಸಿದರೆ ಮೂಗು ಶೇಕಡ 24ರಷ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಒಂದೂವರೆ ಮೀಟರ್ ದೂರಕ್ಕೆ ಬನ್ನಿ, ಈ ವ್ಯತ್ಯಾಸ ಶೇಕಡ 8ಕ್ಕೆ ಇಳಿಯುತ್ತದೆ. ನಿಮ್ಮ 50 ಎಂಎಂ ಅನ್ನು ಅರ್ಧ ಮೀಟರಿಗೆ ತಂದರೂ ಮೂಗು ಹೀಗೇ ಕಾಣುತ್ತದೆ. ಆದರೆ ಅದರಲ್ಲಿ ಅಷ್ಟು ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೇ 50 ಪೋರ್ಟ್ರೇಟ್ ಲೆನ್ಸ್, 24 ಅಲ್ಲ ಅಂತ ಜನ ಹೇಳುವುದು.

ಹಾಗಾಗಿ ನಾನು ಲೆನ್ಸನ್ನು ಬೇರೆ ರೀತಿ ನೋಡುತ್ತೇನೆ. ಮನುಷ್ಯರನ್ನು ತೆಗೆಯುವಾಗ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲುವುದು ಅಂತ ಮೊದಲೇ ತೀರ್ಮಾನ ಮಾಡಿ. ಕ್ಯಾಮೆರಾ ಉದ್ದಕ್ಕೆ ಹಿಡಿದು 200ಡಿಯಲ್ಲಿ ನೋಡಿದರೆ, ಅಲ್ಲಿಂದ 50ರಲ್ಲಿ ತಲೆ ಮತ್ತು ಎದೆ ಸಿಗುತ್ತದೆ. 35ರಲ್ಲಿ ಸೊಂಟದವರೆಗೆ. 24ರಲ್ಲಿ ಮೊಣಕಾಲಿನವರೆಗೆ. ಮೂರರಲ್ಲೂ ಮೂಗು ಒಂದೇ ಥರ. ಸುತ್ತಮುತ್ತ ಎಷ್ಟು ಬೇಕು ಅನ್ನುವುದಷ್ಟೇ ಪ್ರಶ್ನೆ.

ಬದಿಯಲ್ಲಿ ತಲೆ ಎಳೆದ ಹಾಗೆ ಬರುವುದು ಇನ್ನೊಂದು ಕಥೆ. ಗೋಡೆಯ ಗೆರೆಗಳನ್ನು ನೇರ ಇಡುವ ಯಾವ ವೈಡ್ ಲೆನ್ಸ್ ಆದರೂ ಅಂಚಿನಲ್ಲಿರುವ ದುಂಡಗಿನ ವಸ್ತುಗಳನ್ನು ಎಳೆಯುತ್ತದೆ. ಸಾಫ್ಟ್‌ವೇರಿನ ಲೆನ್ಸ್ ಪ್ರೊಫೈಲ್ ಹಾಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ದೋಷವೇ ಅಲ್ಲ. ಗುಂಪು ಫೋಟೋದಲ್ಲಿ ಅಂಚಿಗೆ ಯಾರನ್ನೂ ನಿಲ್ಲಿಸಬೇಡಿ. ಒಂದು ಹೆಜ್ಜೆ ಹಿಂದೆ ಹೋಗಿ ಆಮೇಲೆ ಕ್ರಾಪ್ ಮಾಡಿ. 24 ಮೆಗಾಪಿಕ್ಸೆಲ್ ಇದೆ, ಧಾರಾಳ ಸಾಕು.

ಈಗ ಕಣ್ಣು. 24 ಎಂಎಂ ಎಫ್/1.4 ಅರ್ಧ ಮೀಟರಿನಲ್ಲಿ ನಿಮ್ಮ ಸೆನ್ಸರಿಗೆ ಕೊಡುವ ಫೋಕಸ್ ಆಳ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನೀವು ಮಧ್ಯದ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಕ್ಯಾಮೆರಾವನ್ನು 20 ಡಿಗ್ರಿ ತಿರುಗಿಸಿದರೆ, ಆ ದೂರದಲ್ಲಿ ಫೋಕಸ್ ಕಣ್ಣಿನಿಂದ ಸುಮಾರು 3 ಸೆಂಟಿಮೀಟರ್ ಹಿಂದೆ ಹೋಗಿಬಿಡುತ್ತದೆ. ಕಿವಿಯ ಹತ್ತಿರದ ಕೂದಲು ಶಾರ್ಪ್ ಬಂದದ್ದು ಹೀಗೇ ಇರಬೇಕು. 50ರಲ್ಲಿ ಇಷ್ಟು ತಿರುಗಿಸುವ ಅಗತ್ಯ ಬರುವುದಿಲ್ಲ, ಅದರ ನೋಟವೇ ಕಿರಿದು. ಅದಕ್ಕೇ ಅಲ್ಲಿ ಗೊತ್ತಾಗಲಿಲ್ಲ.

ಪರೀಕ್ಷೆ ಸುಲಭ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಡಿ. ಒಂದು ಮೀಟರ್ ದೂರದಲ್ಲಿ ಬಾಟಲಿಯ ಲೇಬಲ್ ಥರದ್ದು ಏನಾದರೂ ಇಡಿ. ಎಫ್/1.4ರಲ್ಲಿ ಒಮ್ಮೆ ವ್ಯೂಫೈಂಡರ್ ಫೋಕಸ್, ಒಮ್ಮೆ ಲೈವ್ ವ್ಯೂನಲ್ಲಿ ಸ್ಕ್ರೀನ್ ಮುಟ್ಟಿ ಫೋಕಸ್. ಪ್ರತಿ ಸಲ ಮೊದಲು ಫೋಕಸ್ ಕೆಡಿಸಿ ಆಮೇಲೆ ಹಿಡಿಯಿರಿ. ಎರಡರಲ್ಲೂ ಶಾರ್ಪ್ ಬಂದರೆ ಲೆನ್ಸ್ ಸರಿ. ಲೈವ್ ವ್ಯೂನಲ್ಲಿ ಮಾತ್ರ ಶಾರ್ಪ್ ಬಂದರೆ ಗಾಜು ಸರಿ, ಬಾಡಿ ಮತ್ತು ಲೆನ್ಸಿನ ಫೋಕಸ್ ಹೊಂದಾಣಿಕೆ ತಪ್ಪಿದೆ ಅಂತ. 200ಡಿಯಲ್ಲಿ ಅದನ್ನು ನಾವೇ ಸರಿಮಾಡುವ ಮೆನು ಇಲ್ಲ. ಆದರೆ ಅದರ ಲೈವ್ ವ್ಯೂ ಸೆನ್ಸರಿನಿಂದಲೇ ಫೋಕಸ್ ಮಾಡುವುದರಿಂದ ಆ ತಪ್ಪು ಅಲ್ಲಿ ಬರುವುದಿಲ್ಲ. ಕೂತಿರುವ ಮನುಷ್ಯರಿಗೆ ಲೈವ್ ವ್ಯೂ ಇಟ್ಟು ಕಣ್ಣಿನ ಮೇಲೆ ಬೆರಳಿಡಿ, ಮುಗಿಯಿತು.

ಕೊಳ್ಳುವ ವಿಷಯಕ್ಕೆ ನನ್ನ ಓಟು 35ಕ್ಕೆ. ಕ್ಯಾನನ್ನಿನ ಇಎಫ್ 35 ಎಂಎಂ ಎಫ್/2 ಐಎಸ್ 2012ರದ್ದು. ತೂಕ 335 ಗ್ರಾಂ, ಕೈ ನಡುಕಕ್ಕೆ ಸ್ಟೆಬಿಲೈಸರ್ ಉಂಟು. ಫುಲ್ ಫ್ರೇಮಿನ 24 ಎಫ್/1.4 ಅಂದರೆ ಅದರ ಎರಡು ಪಟ್ಟು ಭಾರ. 200ಡಿ ಮುಂದಕ್ಕೆ ಜೋಲುತ್ತದೆ.

ಸುರತ್ಕಲ್_ಕಡಲು

ಕದ್ರಿಗುಡ್ಡೆಯವರ ಲೆಕ್ಕ ಎಲ್ಲ ಸರಿ. 35 ಮಾತ್ರ ಒಪ್ಪುವುದಿಲ್ಲ ಮಾರಾಯ್ರೆ. 200ಡಿಯಂಥ ಕ್ರಾಪ್ ಬಾಡಿಯಲ್ಲಿ (ಚಿಕ್ಕ ಸೆನ್ಸರ್) 35 ಅಂದರೆ ಫುಲ್ ಫ್ರೇಮಿನ 56ರ ನೋಟ. ಅದು ವೈಡ್ ಹೇಗಾಗುತ್ತದೆ? ಇವರ ಹತ್ತಿರ 50 ಆಗಲೇ ಉಂಟು, ಅದರ ಪಕ್ಕದಲ್ಲೇ ಇನ್ನೊಂದು ಯಾಕೆ?

ಚೌಕಿಯ ಅಳತೆಯಲ್ಲಿ ಯೋಚನೆ ಮಾಡಿ. ಕಿರೀಟ ಕಟ್ಟಿ ನಿಂತ ವೇಷಕ್ಕೆ ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟರೆ 2.2 ಮೀಟರ್ ಎತ್ತರ ಬೇಕು. 50 ಎಂಎಂನಲ್ಲಿ ಅಷ್ಟು ತುಂಬಿಸಲು ಸುಮಾರು 5 ಮೀಟರ್ ಹಿಂದೆ ಹೋಗಬೇಕು. 35ರಲ್ಲಿ ಮೂರೂವರೆ. 24ರಲ್ಲಿ ಎರಡೂವರೆಯ ಒಳಗೆ ಮುಗಿಯುತ್ತದೆ. ಯಾವ ಮೇಳದ ಚೌಕಿಯಲ್ಲಿ ಮೂರೂವರೆ ಮೀಟರ್ ಖಾಲಿ ಜಾಗ ಸಿಗುತ್ತದೆ ಹೇಳಿ. ಕನ್ನಡಿ, ಬಣ್ಣದ ತಟ್ಟೆ, ಪಕ್ಕದಲ್ಲಿ ಗೆಜ್ಜೆ ಕಟ್ಟುತ್ತಿರುವ ಇನ್ನೊಬ್ಬರು, ಇದೆಲ್ಲ ಫ್ರೇಮಿನಲ್ಲಿ ಇದ್ದರೆ ತಾನೇ ಅದು ಚೌಕಿ. ಮುಖ ಮಾತ್ರ ಸಾಕಾದರೆ ಸ್ಟುಡಿಯೋಕ್ಕೇ ಕರೆಯಬಹುದಲ್ಲ.

ಕದ್ರಿಗುಡ್ಡೆ

ಜಾಗದ ಮಾತು ಒಪ್ಪಿದೆ. ಆದರೆ ಎಫ್/1.4 ಅಂದ ಕೂಡಲೇ ಬ್ಲರ್ ಬರುತ್ತದೆ ಅಂತ ಇವರು ದುಡ್ಡು ಹಾಕಬಾರದು. ಎಂಎಂ ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ. 24ನ್ನು 1.4ರಿಂದ ಭಾಗಿಸಿದರೆ 17. 35ನ್ನು 2ರಿಂದ ಭಾಗಿಸಿದರೆ 17.5. ನಿಮ್ಮ ಹತ್ತಿರ ಇರುವ 50ನ್ನು 1.8ರಿಂದ ಭಾಗಿಸಿದರೆ 28. ಮುಖವನ್ನು ಒಂದೇ ಗಾತ್ರದಲ್ಲಿ ತೆಗೆದರೆ, ತುಂಬಾ ಹಿಂದಿನ ದೀಪಗಳು ಕರಗುವುದು ಈ ಸಂಖ್ಯೆಯ ಪ್ರಕಾರ. ಅಂದರೆ ರಥಬೀದಿಯ ದೀಪಗಳನ್ನು ದೊಡ್ಡ ದೊಡ್ಡ ಚುಕ್ಕಿ ಮಾಡಲು ಈ ದುಬಾರಿ 24ಕ್ಕಿಂತ ನಿಮ್ಮ ಅಗ್ಗದ 50ಯೇ ಮೇಲು.

24 ಎಫ್/1.4 ಕೊಡುವುದು ಬೆಳಕು. ಕಿಟ್ ಲೆನ್ಸಿನ ಎಫ್/4ರಿಂದ 1.4ಕ್ಕೆ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). ಐಎಸ್‌ಒ 6400 ಇದ್ದ ಕಡೆ 800 ಸಾಕು. ಅದಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ.

ರಥಬೀದಿ_ಉಡುಪಿ

ಈ ಭಾಗಾಕಾರ ಯಾವ ಅಂಗಡಿಯಲ್ಲೂ ಹೇಳಿರಲಿಲ್ಲ! ಕ್ಯಾನನ್ನಿನದ್ದೇ ಚಿಕ್ಕ ಇಎಫ್-ಎಸ್ 24 ಎಂಎಂ ಎಫ್/2.8 ಉಂಟಲ್ಲ, ಅದು ಆಗುವುದಿಲ್ವಾ? ಅದರ ಬೆಲೆ ತುಂಬಾ ಕಡಿಮೆ.

ಸುರತ್ಕಲ್_ಕಡಲು

ಹಗಲಿಗೆ ಅದರಷ್ಟು ಒಳ್ಳೆಯದು ಇಲ್ಲ. 125 ಗ್ರಾಂ, ಜೇಬಿನಲ್ಲಿ ಹಾಕಿಕೊಂಡು ಮಲ್ಪೆಗೆ ಹೋಗಬಹುದು. ವಿಟ್ಲಪಿಂಡಿಯ ಹುಲಿವೇಷಕ್ಕೆ ನಾನು ಅದನ್ನೇ ಒಯ್ಯುವುದು. ಆದರೆ ಚೌಕಿಯಲ್ಲಿ ಕಿಟ್ ಲೆನ್ಸಿಗಿಂತ ಒಂದು ಸ್ಟಾಪ್ ಮಾತ್ರ ಲಾಭ. ನಿಮ್ಮ ತೊಂದರೆ ಅರ್ಧವೇ ಪರಿಹಾರ.

ಒಂದು ಕೆಲಸ ಮಾಡಿ. ಕಿಟ್ ಲೆನ್ಸನ್ನು 24ಕ್ಕೆ ತಿರುಗಿಸಿ ಟೇಪ್ ಅಂಟಿಸಿ, ಹಾಗೇ ಸ್ವಲ್ಪ ದಿನ ತೆಗೆಯಿರಿ. ಆಮೇಲೆ 35ಕ್ಕೆ. ಯಾವುದರಲ್ಲಿ ಕೈ ಟೇಪ್ ಕೀಳಲು ಹೋಗುತ್ತದೆ ನೋಡಿ.

ಪಣಂಬೂರು_ಮಳೆ

ಯಾವ ಎಂಎಂ ಆದರೂ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್, ಅದೂ ನಮ್ಮ ಕರಾವಳಿಯದ್ದು ಅಂದರೆ ಮೊದಲು ಫಂಗಸ್ ನೋಡಿ. ಎರಡೂ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಹೋಗುವ ಕಿಂಡಿ) ಪೂರ್ತಿ ತೆರೆದಿರುವಾಗ ಹಿಂದಿನಿಂದ ಟಾರ್ಚ್ ಹಾಕಿ ಓರೆಯಾಗಿ ನೋಡಬೇಕು. ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಏನೂ ತೊಂದರೆ ಇಲ್ಲ, ಫೋಟೋದಲ್ಲಿ ಕಾಣುವುದಿಲ್ಲ.

ಆಮೇಲೆ ದೂರದ ಒಂದು ಕಟ್ಟಡವನ್ನು ಎಫ್/1.4 ಮತ್ತು ಎಫ್/2.8ರಲ್ಲಿ ತೆಗೆದು ನಾಲ್ಕೂ ಮೂಲೆ ಹೋಲಿಸಿ. ಎಲ್ಲ ಮೂಲೆ ಸ್ವಲ್ಪ ಮೆದು ಇದ್ದರೆ ಅದು ಸಹಜ. ಒಂದೇ ಮೂಲೆ ಹೆಚ್ಚು ಹಾಳಾಗಿದ್ದರೆ ಯಾವಾಗಲೋ ಬಿದ್ದ ಲೆನ್ಸ್ ಇರಬಹುದು.

ತಂದ ಮೇಲೆ ಬೀರುವಿನಲ್ಲಿ ಬಟ್ಟೆಯ ಮಧ್ಯೆ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ಇದ್ದರೆ ಸಾಕು. 40ರಿಂದ 50 ಶೇಕಡ ಒಳ್ಳೆಯದು. ತೀರಾ ಒಣಗಿಸಲೂ ಬಾರದು. ಲೆನ್ಸ್ ಜಾಸ್ತಿ ಆದರೆ ಡ್ರೈ ಕ್ಯಾಬಿನೆಟ್ ನೋಡಿ.

ರಥಬೀದಿ_ಉಡುಪಿ

ಎಲ್ಲ ಮಾಡಿ ನೋಡಿದೆ, ತಡವಾಗಿ ಬರೆಯುತ್ತಿದ್ದೇನೆ.

ಬಾಟಲಿ ಪರೀಕ್ಷೆಯಲ್ಲಿ ಲೈವ್ ವ್ಯೂ, ವ್ಯೂಫೈಂಡರ್ ಎರಡೂ ಶಾರ್ಪ್. ಅಂದರೆ ಕ್ಯಾಮೆರಾ ತಿರುಗಿಸುತ್ತಿದ್ದದ್ದೇ ಕಾರಣ. ಟಾರ್ಚಿನಲ್ಲಿ ಒಳಗೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಮೂಲೆಗಳೂ ಸಮ ಉಂಟು.

ಟೇಪ್ ಹಾಕಿ ತೆಗೆದಾಗ ಮನೆಯಲ್ಲಿ 35 ಭಾರಿ ಲಾಯ್ಕಾಯಿತು. ಮಗು ಚಾವಡಿಯಲ್ಲಿ ಅಂಬೆಗಾಲಿಡುವಾಗ ಅದೇ ಸರಿ. ಆದರೆ ಚೌಕಿಯಲ್ಲಿ ಸುರತ್ಕಲ್‌ನವರು ಹೇಳಿದ ಹಾಗೇ ಆಯಿತು. ಕೂತವರು ಸಿಕ್ಕಿದರು, ನಿಂತ ವೇಷ ಸಿಗಲಿಲ್ಲ. 24ರಲ್ಲಿ ಎಲ್ಲವೂ ಸಿಕ್ಕಿತು. ಒಂದೂವರೆ ಮೀಟರ್ ನಿಯಮ ಇಟ್ಟುಕೊಂಡರೆ ಮೂಗಿನ ತೊಂದರೆಯೂ ಇಲ್ಲ. ಮುಖ ಮಾತ್ರ ಬೇಕಾದಾಗ 50 ಹಾಕುತ್ತೇನೆ. ಹಾಗಾಗಿ ಗೆಳೆಯರ 24 ಇಟ್ಟುಕೊಳ್ಳುವುದು ಅಂತ ಮಾಡಿದ್ದೇನೆ. ಕದ್ರಿಗುಡ್ಡೆಯವರು ಬೇಜಾರು ಮಾಡಬಾರದು. ಭಾರ ಅಂದದ್ದು ಮಾತ್ರ ನಿಜ.

ಈಗ ಹೊಸ ಪ್ರಶ್ನೆ. ಶಟರ್ 1/250 ಸೆಕೆಂಡ್ ಇಟ್ಟರೆ ಕೆಲವು ಫೋಟೋದಲ್ಲಿ ಅಡ್ಡ ಪಟ್ಟಿ ಬರುತ್ತಿದೆ, ಒಂದು ಪಟ್ಟಿ ಕಪ್ಪು, ಒಂದು ಬಿಳಿ. ಇದೂ ಲೆನ್ಸ್ ಅಲ್ಲ ತಾನೇ?

ಕದ್ರಿಗುಡ್ಡೆ

ಬೇಜಾರು ಎಂಥದ್ದು, ನೀವು ಅಳತೆ ಮಾಡಿ ತೆಗೆದುಕೊಂಡಿದ್ದೀರಿ. ಆ ಲೆನ್ಸ್ ಮುಂದೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಬಳಸಬಹುದು.

ಪಟ್ಟಿ ಎಲ್‌ಇಡಿ ಬಲ್ಬಿನದ್ದು. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100 ಅಥವಾ 1/50 ಇಟ್ಟರೆ ಒಂದು ಮಿನುಗು ಪೂರ್ತಿ ಫೋಟೋದಲ್ಲಿ ಬರುತ್ತದೆ, ಪಟ್ಟಿ ಹೋಗುತ್ತದೆ. ಬಣ್ಣ ಹಚ್ಚುವ ಕೈಗೆ 1/100 ಸಾಕು. ಫೋಕಸ್ ಆಳ ಸ್ವಲ್ಪ ಹೆಚ್ಚಲು ಎಫ್/1.4ರ ಬದಲು ಎಫ್/2 ಇಡಿ, ಒಂದು ಮೀಟರಿಗಿಂತ ಹತ್ತಿರ ಇದ್ದಾಗ ಖಂಡಿತ ಇಡಿ. ಫ್ಲ್ಯಾಶ್ ಬೇಡ. ಚೌಕಿಯಲ್ಲಿ ದೇವರು ಇರುತ್ತದೆ, ಚಪ್ಪಲಿ ಹೊರಗೆ. ಇದು ನಿಮಗೆ ಗೊತ್ತು, ಬೇರೆ ಓದುವವರಿಗೆ ಹೇಳಿದೆ.

ಪಣಂಬೂರು_ಮಳೆ

ಮಲ್ಪೆಗೆ ಒಯ್ಯುವಾಗ ಹುಡ್ ಹಾಕಿಕೊಳ್ಳಿ, ಮರಳಿನ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಹೊರಗಿನ ಉಪ್ಪು ಒರೆಸಿ, ಒಣಗಿದ ಮೇಲೆ ಡಬ್ಬಿಗೆ ಹಾಕಿ. ಎಸಿ ಕಾರಿನಿಂದ ಇಳಿದ ಕೂಡಲೇ ಬ್ಯಾಗಿನಿಂದ ತೆಗೆದರೆ ಗಾಜಿಗೆ ಮಂಜು ಹಿಡಿಯುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಡಿ.