ಅಪ್‌ಡೇಟ್: ನಟ್ಟು, ಬೋಲ್ಟು, ಸ್ಕ್ರೂಗಳಿಗೆ ಜಾಗ ಸಿಕ್ಕಿತು

ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಸ್ಕ್ರೂ, ನಟ್ಟು, ವಾಷರ್ ಎಲ್ಲ ಒಂದೇ ಡಬ್ಬದಲ್ಲಿ ಬಿದ್ದಿವೆ, ಹೇಗೆ ಜೋಡಿಸಲಿ ಅಂತ ಕೇಳಿದ್ದೆ. ಜಾಸ್ತಿ ಜನ ಡ್ರಾಯರ್ ಕ್ಯಾಬಿನೆಟ್ ತಗೊಳ್ಳಿ ಅಂದಿರಿ. ತಗೊಳ್ಳಲಿಲ್ಲ. ಸಂತೇಪೇಟೆಯಿಂದ ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳನ್ನು ತಂದೆ. ಮುಚ್ಚಳಗಳನ್ನು ಶೆಲ್ಫಿನ ಅಡಿಗೆ ಎರಡೆರಡು ಸ್ಕ್ರೂ ಹಾಕಿ ಕೂರಿಸಿದೆ, ಡಬ್ಬಗಳನ್ನು ಅವಕ್ಕೆ ತಿರುಗಿಸಿ ನೇತುಹಾಕಿದೆ. ಒಂದೇ ಹಾಕಿದರೆ ಡಬ್ಬದ ಜೊತೆ ಮುಚ್ಚಳವೂ ತಿರುಗುತ್ತದೆ. ಭಾರದ ಬೋಲ್ಟುಗಳು ಮಾತ್ರ ಕೆಳಗಿನ ಟ್ರೇನಲ್ಲಿವೆ.

ನಿಜವಾದ ತಲೆನೋವು ವಿಂಗಡಿಸುವುದು. ಸಾಮಾನ್ಯ ಬೋಲ್ಟಿನ ಅಳತೆ ತಿಳಿಯಲು ಸ್ಪ್ಯಾನರ್ ಸಾಕು: ತಲೆಗೆ 10 ಮಿ.ಮೀ. ಸ್ಪ್ಯಾನರ್ ಕೂತರೆ ಎಂ6 (ಅಂದರೆ 6 ಮಿ.ಮೀ. ದಪ್ಪದ ಬೋಲ್ಟು), 13 ಕೂತರೆ ಎಂ8. ಹಳೆಯ ಕಾಲು ಇಂಚಿನ ಬೋಲ್ಟು ಎಂ6 ಥರವೇ ಕಾಣುತ್ತದೆ, ಆದರೆ ಥ್ರೆಡ್ (ತಿರುಪಿನ ಗೆರೆ) ಬೇರೆ, ಎಂ6 ನಟ್ಟು ಹತ್ತುವುದಿಲ್ಲ. ಅವಕ್ಕೆ ಬೇರೆಯೇ ಡಬ್ಬ. ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎಂದವರಿಗೆ ಥ್ಯಾಂಕ್ಸ್, ಹಾಕಿದ್ದೇನೆ.